ಹಸಿರು ಗುರುತು ನಂಬಿದ ಕಾವೇರಿ

“ಸರ್ವರ್ ಡೌನ್ ಅದ, ನಾಳಿಗಿ ಬರ್ರಿ.” ಈ ಮಾತು ಕೇಳಿ ಬರಿಗೈಯಲ್ಲಿ ಮನೆಗೆ ಮರಳದವರು ಯಾರಿದ್ದಾರೆ?

ಸೇಡಂ ರಸ್ತೆಯ ಸಕ್ಕರೆ ಕಾಯಿಲೆ ದವಾಖಾನೆಯಲ್ಲೂ ಒಮ್ಮೆ ಸರ್ವರ್ ಸತ್ತಿತು. ಕಂಪ್ಯೂಟರ್ ನೋಡಿಕೊಳ್ಳುವ ಸೂಗಮ್ಮ ಡಾಕ್ಟರ ಮನೆಯಲ್ಲಿಟ್ಟಿದ್ದ ಬ್ಯಾಕಪ್, ಅಂದರೆ ದಾಖಲೆಗಳ ನಕಲು, ತರಿಸಿ ಬೇರೆ ಯಂತ್ರಕ್ಕೆ ಹಾಕಿದಳು. ತಾಸಿನೊಳಗೆ ಎಲ್ಲ ಎದ್ದು ಕೂತಿತು.

ಕಮಲಾಪುರದ ಶಾಖೆಯಲ್ಲಿ ಅದೇ ಕೆಲಸ ಮಾಡುವ ಕಾವೇರಿಗೆ ಹೊಟ್ಟೆ ಉರಿಯಿತು. ಸೂಗಮ್ಮ ಅವಳ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ರೊಟ್ಟಿ ಬಡಿದರೂ ಅವಳದೇ ತೆಳ್ಳಗೆ. ಈಗ ಈ ಹೆಸರೂ ಅವಳದೇ.

ಎರಡೂ ಕಡೆ ನೋಡುವ ಡಾಕ್ಟರ್ ಗುಫ್ರಾನ್ ಸೂಗಮ್ಮನನ್ನು ಹೊಗಳಿ ಅತ್ತ ಹೋಗುತ್ತಲೇ ಕಾವೇರಿ ಅವರ ದಪ್ಪ ದನಿಯಲ್ಲಿ, “ಸೂಗಮ್ಮನ್ನ ನೋಡಿ ಕಲೀರಿ,” ಎಂದು ಅಣಕಿಸಿದಳು. ಔಷಧಿ ಕೊಡುವ ಅಣವೀರಪ್ಪ ನಕ್ಕ.

“ನಾನೂ ದಿನಾ ಬ್ಯಾಕಪ್ ತಗೀತೀನಿ,” ಕಾವೇರಿ ಗೊಣಗಿದಳು. “ಆಯ್ತಂತ ಹಸಿರು ಗುರುತು ಬರ್ತದ. ನಮ್ಮ ಮಷಿನ್ ಸಾಯವಲ್ದು, ನನಗ ಹೆಸರು ಬರವಲ್ದು.”

ಭಾನುವಾರ ಊಟಕ್ಕೆ ಕೂಡಿದಾಗ ಸೂಗಮ್ಮ ಕೇಳಿದಳು: “ನಿನ್ನ ಬ್ಯಾಕಪ್ ಒಮ್ಮೆರೆ ತೆಗದು ನೋಡೀಯೇನು?”

“ಗುರುತು ಬಂದ ಮ್ಯಾಲ ಏನ್ ನೋಡೋದು, ಅಕ್ಕಾ?”

“ಬಿತ್ತೋಕಿಂತ ಮೊದಲ ಬೀಜ ನೆನೆಸಿ ಮೊಳಕಿ ನೋಡಂಗಿಲ್ಲೇನು? ಹಂಗೇ.”

ಅಕ್ಕನ ಬಾಯಿ ಮುಚ್ಚಿಸಲೆಂದೇ ಕಾವೇರಿ ಮರುದಿನ ಬ್ಯಾಕಪ್ಪನ್ನು ಹಳೆಯ ಲ್ಯಾಪ್‌ಟಾಪಿನಲ್ಲಿ ತೆರೆದಳು. ಎದುರಿಗೇ ಕೂತಿದ್ದ ಬಂಡೆಮ್ಮನ ಹೆಸರು ಹುಡುಕಿದಳು. ಕಳೆದ ವಾರವಷ್ಟೇ ಇನ್ಸುಲಿನ್ ಅಳತೆ ಕಡಿಮೆಯಾದ ಮುದುಕಿ. ಪರದೆಯಲ್ಲಿ ಇದ್ದದ್ದು ಹೋದ ವರ್ಷದ ಅಳತೆ.

ಹೊಸ ಸಾಫ್ಟ್‌ವೇರ್ ಹೋದ ವರ್ಷ ಬಂದಾಗ ಕಂಪ್ಯೂಟರಿನೊಳಗೆ ದಾಖಲೆಗಳ ಜಾಗ ಬದಲಾಗಿತ್ತು. ಬ್ಯಾಕಪ್ ಮಾತ್ರ ಹಳೆಯ ಜಾಗದ್ದೇ ಆಗುತ್ತಿತ್ತು. ಜನ ಬಿಟ್ಟುಹೋದ ಮನೆಗೆ ವರ್ಷವಿಡೀ ಕಾವಲು ಕಾದಂತಾಗಿತ್ತು.

“ಡಾಕ್ಟರ್ ಬರದ ಚೀಟಿ ಕಳದೀನವ್ವಾ,” ಎಂದಳು ಬಂಡೆಮ್ಮ. “ಹೋಗ್ಲಿ ಬಿಡು, ನಿಮ್ಮ ಕಂಪ್ಯೂಟರ್‌ನಾಗ ಇರ್ತದಲ್ಲ.”

ಕಾವೇರಿ ದಿನದ ಯಂತ್ರದಿಂದ ಹೊಸ ಅಳತೆ ಬರೆದುಕೊಟ್ಟಳು; ಅದು ಸತ್ತಿದ್ದರೆ ಕೊಡಲು ಹಳೆಯದೇ ಇತ್ತು. ಮುಚ್ಚಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಸೂಗಮ್ಮನಿಗೆ ಫೋನ್ ಮಾಡಿದಳು. “ಅಕ್ಕಾ, ನಕ್ಕರ ಫೋನ್ ಇಡ್ತೀನಿ.”

ಎಲ್ಲ ಕೇಳಿದ ಸೂಗಮ್ಮ ನಗಲಿಲ್ಲ. “ನಂದೂ ಒಮ್ಮೆ ಹಂಗೇ ಆಗಿತ್ತವಾ. ಆವಾಗಿಂದ ತೆಗದು ನೋಡೋ ಚಟ ಬಿದ್ದದ.”

ಅಂದೇ ಇಬ್ಬರೂ ಸೇರಿ ಬ್ಯಾಕಪ್ಪಿನ ಜಾಗ ಸರಿಪಡಿಸಿದರು. ಈಗ ಪಾಸ್‌ವರ್ಡ್ ಹಾಕಿದ ಒಂದು ನಕಲು ಇಲ್ಲಿಂದ ಅಲ್ಲಿಗೆ, ಇನ್ನೊಂದು ಅಲ್ಲಿಂದ ಇಲ್ಲಿಗೆ. ತಿಂಗಳಿಗೊಮ್ಮೆ ಒಬ್ಬರದನ್ನೊಬ್ಬರು ತೆರೆದು ನೋಡುತ್ತಾರೆ. ಅಕ್ಕನ ತಪ್ಪು ಸಿಕ್ಕೀತೆಂಬ ಆಸೆಗೆ ಕಾವೇರಿ ತುಸು ಹೆಚ್ಚೇ ನೋಡುತ್ತಾಳೆ.

ನಿಮ್ಮ ಅಂಗಡಿಯಲ್ಲಿ, ಶಾಲೆಯಲ್ಲಿ, ಸಂಘದಲ್ಲಿ ಕಂಪ್ಯೂಟರ್ ಇದೆಯೇ? ಅದರ ಬ್ಯಾಕಪ್ ಬೇರೆ ಕಟ್ಟಡದಲ್ಲೂ ಒಂದಿರಲಿ. ಇವತ್ತೇ ಅದನ್ನು ಬೇರೆ ಯಂತ್ರದಲ್ಲಿ ತೆರೆದು, ನಿನ್ನೆ ಬರೆದ ಒಂದು ಹೆಸರು ಹುಡುಕಿ. ಬೇಸರವೆನಿಸಿದರೆ, ಪಕ್ಕದವರು ಆಗಲೇ ನೋಡಿ ಮುಗಿಸಿದ್ದಾರೆ ಎಂದುಕೊಳ್ಳಿ; ಕಾವೇರಿಯಂತೆ ಹೊಟ್ಟೆಕಿಚ್ಚಿಗಾದರೂ ಕೈ ಓಡುತ್ತದೆ.