ಹೆಂಚಿನ ಕೆಳಗಿನ ಚಿಪ್ಪು

ಕಿಲೋಗೆ ಹದಿನೆಂಟು ಯೂರೋ, ಹೋದ ಶುಕ್ರವಾರ ಹದಿನೈದಿತ್ತು, ಅಲ್ಲಯ್ಯಾ ನೆಲ್ಲೊ, ಈ ಕಪ್ಪೆಚಿಪ್ಪುಗಳೇನು ರೈಲಿಗೆ ಟಿಕೇಟು ಮಾಡಿಸಿಕೊಂಡು ಬಂದವಾ ಅಂದರೆ ಮೀನಿನ ವ್ಯಾನಿನ ನೆಲ್ಲೊ ಹಲ್ಲು ಕಿರಿಯುತ್ತಾನೆ, ನಿಮ್ಮೂರ ಮರಳಲ್ಲೇ ಹೆಕ್ಕಿದ್ದು ಜೆಲಿಂದಕ್ಕಾ, ತವರಿನ ಸಾಮಾನಿಗೂ ಚೌಕಾಸಿ ಮಾಡ್ತೀಯಲ್ಲ — ತವರು ಅಂದುಬಿಟ್ಟರೆ ಜೆಲಿಂದಾಳ ಕೈ ಸಡಿಲ, ಅದು ಅವನಿಗೂ ಗೊತ್ತು, ಮೂರು ಕಿಲೋ ತೂಗಿಸಿಕೊಂಡಳು, ಹಳೆಯ ಕಾಲದ ಕುರುಹು ಹುಡುಕಿ ಹೊಲ ಅಗೆಯುವವರಿಗೆಲ್ಲ, ಗಂಡ ಫೋಸ್ಕೊಗೆ, ತನಗೆ, ಅತ್ತೆಗೆ ಹೇಗೂ ಬೇಡ, ಈಗ ಬೋಗುಣಿಯ ಉಪ್ಪುನೀರಿನಲ್ಲಿ ಅವು ಬಾಯಿ ತೆರೆದು ನಾಲಿಗೆ ಚಾಚಿ ಮರಳು ಉಗುಳುತ್ತಿವೆ, ಪಿಚಕ್ಕೆಂದು ಒಂದು ಅವಳ ಗಲ್ಲಕ್ಕೇ ನೀರು ಹಾರಿಸಿತು, ತುಟಿಗೆ ಉಪ್ಪು, ಉಪ್ಪಿನ ಹಿಂದೆಯೇ ತವರೂರು ತಾಲಮೋನೆಯ ಕಡಲ ದಂಡೆ, ಅಮ್ಮ ಲಂಗವನ್ನು ಮೊಣಕಾಲಿನ ಮೇಲಕ್ಕೆ ಎತ್ತಿಕಟ್ಟಿ ಅಲೆಯಲ್ಲಿ ಜರಡಿ ಎಳೆಯುತ್ತಾಳೆ, ತೂತಿನ ಚಿಪ್ಪು ಸಿಕ್ಕರೆ ತಿರುಗಿಯೂ ನೋಡದೆ ಹಿಂದಕ್ಕೆ ಎಸೆಯುತ್ತಾಳೆ, ಹಿಡಿಯೇ ಹುಡುಗಿ, ಇದು ನಿನಗೆ — ತೂತಿನದು ಊಟಕ್ಕಲ್ಲ, ಯಾವುದೋ ಕಡಲ ಹುಳ ಮೊದಲೇ ಕೊರೆದು ಒಳಗಿನದನ್ನು ತಿಂದು ಮುಗಿಸಿರುತ್ತದೆ, ಅದು ದಾರಕ್ಕೆ — ಅಂಥದೊಂದು ಈಗಲೂ ಅಡುಗೆಮನೆಯ ಬೀಗದಕೈಗೆ ಜೋತಾಡುತ್ತಿದೆ, ದಾರ ಎಷ್ಟು ಸಲ ಬದಲಾಯಿತೋ, ಅದು ಉಜ್ಜಿ ಉಜ್ಜಿ ತೂತಿನ ಒಂದು ಅಂಚಿನಲ್ಲಿ ಸಣ್ಣ ಕಚ್ಚು ಬಿದ್ದಿದೆ, ಉಗುರು ಇಟ್ಟರೆ ಕೂರುವಷ್ಟು.

ಕಿಟಕಿಯಾಚೆ, ಹಳೆಯ ಕೋಳಿಗೂಡು ಇದ್ದಲ್ಲಿ, ಗುಂಡಿಯೊಳಗೆ ಅಗೆಯುವವರ ಬಿಳಿ ಟೋಪಿಗಳು ಬಾಗಿವೆ, ಇವತ್ತು ಹೆಂಚು ಎತ್ತುವ ದಿನ, ಬೆಳ್ಳುಳ್ಳಿ ಸಣ್ಣಗೆ ಹೆಚ್ಚಬೇಕು, ಜಜ್ಜಬಾರದು — ರೋಮನ್ನರಿಗೂ ಹಿಂದಿನ ಎತ್ರುಸ್ಕನ್ನರ ಕಾಲದ ರೈತನ ಮನೆಯಂತೆ ಆ ಗುಂಡಿಯಲ್ಲಿರುವುದು, ಬೆಂಕಿ ಬಿದ್ದು ಸೂರು ಇಡಿಯಾಗಿ ಕುಸಿದದ್ದು, ಅಂದಿನಿಂದ ಯಾರೂ ಅಲುಗಿಸಿಲ್ಲ, ಲವೀನಿಯಾ, ಹಳೆಯ ಕಾಲವನ್ನೇ ಓದಿ ಡಾಕ್ಟರಾದವಳು, ಕಷ್ಟದ ಮಾತಿನಲ್ಲಿ ವಿವರಿಸಿದ್ದನ್ನು ಜೆಲಿಂದಾ ತನ್ನ ಲೆಕ್ಕಕ್ಕೆ ಇಳಿಸಿಕೊಂಡಿದ್ದಾಳೆ, ಹೆಂಚು ಅಂದರೆ ಪಾತ್ರೆಯ ಮುಚ್ಚಳ, ಮುಚ್ಚಳದ ಕೆಳಗಿನದು ಅಡುಗೆ ಮಾಡಿದವರದು, ಮುಚ್ಚಳದ ಮೇಲೆ ಬಿದ್ದದ್ದು ಯಾರದೂ ಆಗಬಹುದು, ಹೌದು ಡಾಕ್ಟರಮ್ಮ, ಯಾರದೂ ಆಗಬಹುದು, ನನ್ನದೂ! ಅಯ್ಯೋ, ಹೋದ ವಾರದ ಆ ಬೆಳಿಗ್ಗೆ, ಹೆಂಚಿನ ಮೇಲಿನ ಮಣ್ಣಿನಲ್ಲಿ ಹಿಡಿ ಹಿಡಿ ಕಪ್ಪೆಚಿಪ್ಪು ಸಿಕ್ಕವೆಂದು ಲವೀನಿಯಾ ಕರಣಿ ಹಿಡಿದೇ ಕುಣಿದಳು, ಆ ಕಾಲದಲ್ಲಿ ದಿಬ್ಬದ ಪಟ್ಟಣದ ದೊಡ್ಡವರು ಕಡಲಿನವರ ಜೊತೆ ವ್ಯಾಪಾರ ಮಾಡಿದ್ದು ಗೊತ್ತು ಜೆಲಿಂದಾ, ಈ ಹೊಲಗಳ ವೈನು ಜಾಡಿ ಜಾಡಿಯಾಗಿ ಹೊಳೆ ಇಳಿದು ಹೋದದ್ದೂ ಗೊತ್ತು, ಆದರೆ ದ್ರಾಕ್ಷಿ ಬೆಳೆದವನ ಮನೆಗೆ ತಿರುಗಿ ಏನು ಬಂತು, ಅದನ್ನು ಯಾರೂ ಇಲ್ಲಿ ನೋಡಿರಲಿಲ್ಲ, ನೋಡು, ಇದು ಬಂತು! ಜೆಲಿಂದಾ ಕಾಫಿ ಪಾತ್ರೆ ಹಿಡಿದು ಬಗ್ಗಿ ನೋಡಿದಳು, ಡಾಕ್ಟರಮ್ಮಾ, ಇವು ನನ್ನವು, ಮೊಟ್ಟೆಯ ಓಡು ಗಟ್ಟಿಯಾಗಲಿ ಅಂತ ಕೋಳಿಗಳಿಗೆ ಕುಟ್ಟಿ ಹಾಕ್ತಿದ್ದೆ, ಕುಟ್ಟೋದಕ್ಕೆ ಬೇಜಾರಾದ ದಿನ ಹಾಗೇ ಎರಚಿಬಿಡ್ತಿದ್ದೆ, ಕೊನೆಗೆ ನೇಗಿಲು ಎಲ್ಲವನ್ನೂ ಕಲೆಸಿತು — ಲವೀನಿಯಾಳ ಮುಖ ಒಲೆಯಿಂದ ಬೇಗ ತೆಗೆದ ಕೇಕಿನ ಹಾಗೆ ಕುಸಿಯಿತು, ಫೋಸ್ಕೊ ಕೈಗಾಡಿಯ ಮೇಲೆ ಬಿದ್ದು ನಕ್ಕ, ಬನ್ನಿ ಬನ್ನಿ, ಎರಡೂವರೆ ಸಾವಿರ ವರ್ಷದ ಹಿಂದೆ ನನ್ನ ಹೆಂಡತಿ ಮಾಡಿದ ಊಟ ನೋಡಿ! ಬಾಗಿಲಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದ ಅತ್ತೆ ಆರ್ಜಿಯಾ ತಲೆ ಎತ್ತಲೂ ಇಲ್ಲ, ನಾನು ಹೇಳಲಿಲ್ವಾ, ಸಮುದ್ರದಿಂದ ಈ ಗುಡ್ಡ ಹತ್ತಿ ಬಂದ ಪೀಡೆ ಅಂದರೆ ಇವಳೊಬ್ಬಳೇ.

ಉಪ್ಪುನೀರಿನವಳು, ನಲವತ್ತು ವರ್ಷದಿಂದ ಅದೇ ಹೆಸರು, ಅತ್ತೆ ಇಟ್ಟದ್ದು, ಮದುವೆಯಾಗಿ ಬಂದ ಮೊದಲ ಶುಕ್ರವಾರ ಜೆಲಿಂದಾ ಆಸೆಯಿಂದ ಕಪ್ಪೆಚಿಪ್ಪು ಬೇಯಿಸಿ ತಟ್ಟೆ ಮುಂದಿಟ್ಟಳು, ಆರ್ಜಿಯಾ ಒಂದನ್ನು ಫೋರ್ಕಿನ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು, ಹುಳ, ಅಂದಳು, ಈ ಗುಡ್ಡದವರು ಹುಳ ತಿಂದವರಲ್ಲಮ್ಮಾ, ತಟ್ಟೆ ಎತ್ತಿಕೊಂಡು ಹೋಗಿ ಚಿಪ್ಪು ಸಮೇತ ಕೋಳಿಗಳಿಗೆ ಸುರಿದಳು, ಕೋಳಿಗಳಿಗೆ ಹಬ್ಬ, ಆಮೇಲೆ ಮೊಟ್ಟೆ ಎಷ್ಟು ಗಟ್ಟಿ ಬಂದವೆಂದರೆ ಬಾಣಲೆಯ ಅಂಚಿಗೆ ಎರಡೆರಡು ಸಲ ಬಡಿಯಬೇಕು, ಅತ್ತೆಯೇ ಒಳಗಿನಿಂದ ಕೂಗುವುದು, ಏ ಉಪ್ಪುನೀರಿನವಳೇ, ಕೋಳಿಗೆ ನಿನ್ನ ಚಿಪ್ಪು ಹಾಕಿದೆಯಾ — ಹಾಗೆ ನೋಡಿದರೆ ಹೆಂಚಿನ ಮೇಲಿನ ಆ ರಾಶಿಗೆ ಮೊದಲ ಹಿಡಿ ಹಾಕಿದವಳು ಅತ್ತೆಯೇ, ಈ ಮಾತು ಈಗ ಹೊಳೆಯಿತು, ಜೆಲಿಂದಾ ಒಬ್ಬಳೇ ನಕ್ಕಳು, ನಗುತ್ತಾ ಎಣ್ಣೆ ಸುರಿದಳು — ಆದರೂ ಕೆಳಗೆ ಏನೂ ಸಿಗದಿದ್ದರೆ? ನಾಳೆ ಗುಂಡಿ ಮುಚ್ಚುತ್ತಾರೆ, ಲವೀನಿಯಾ ಬರಿಗೈಲಿ ಹೋಗುತ್ತಾಳೆ, ಅತ್ತೆಯ ಮಾತೇ ನಿಲ್ಲುತ್ತದೆ, ಎಂದೆಂದಿಗೂ ಇವಳೊಬ್ಬಳೇ, ಕೆಳಗೆ ಇರಲಿ, ದೇವಮಾತೆಯೇ, ಒಂದಾದರೂ, ಒಂದೇ ಒಂದು, ನನಗಿಂತ ಮೊದಲು ಗುಡ್ಡ ಹತ್ತಿ ಬಂದದ್ದು — ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗಿತು, ಚಿಪ್ಪುಗಳು ಬಾಣಲೆಗೆ ಬಿದ್ದು ಚಟಪಟ, ವೈನು, ಮುಚ್ಚಳ, ಅಲ್ಲಿ ಅವರೂ ಈಗ ಮುಚ್ಚಳ ಎತ್ತುತ್ತಿದ್ದಾರೆ, ಜೆಲಿಂದಾ! ಲವೀನಿಯಾಳ ದನಿ, ಜೆಲಿಂದಾ, ಕೆಳಗೆ! ಹೆಂಚಿನ ಕೆಳಗೆ!

ಓಡಿದಳು, ಒಲೆ ಆರಿಸಿದೆನಾ, ಆರಿಸಿದೆ, ಕೈಯಲ್ಲಿ ಸೌಟು ಹಾಗೇ ಇದೆ, ಗುಂಡಿಯ ತಳದಲ್ಲಿ ಮಸಿಯಂಥ ಕಪ್ಪು ಮಣ್ಣು, ಒಡೆದ ವೈನು ಜಾಡಿಯ ದಪ್ಪ ಕತ್ತು, ಅದರ ಪಕ್ಕದಲ್ಲಿ ಯಾರೋ ತಿಂದು ಒಂದರೊಳಗೊಂದು ಪೇರಿಸಿಟ್ಟ ಕಪ್ಪೆಚಿಪ್ಪುಗಳು, ಅಮ್ಮ ಪೇರಿಸುತ್ತಿದ್ದ ಹಾಗೇ, ಹಿಂದಿನಿಂದ ಕೋಲಿನ ಟಕ್ ಟಕ್, ಅತ್ತೆ! ಇಷ್ಟು ದಿನ ಗುಂಡಿಯ ಹತ್ತಿರವೂ ಸುಳಿಯದವಳು ಅಂಚಿಗೇ ಬಂದು ಬಗ್ಗಿದ್ದಾಳೆ, ಫೋಸ್ಕೊ ಅವಳ ಸೊಂಟ ಹಿಡಿದುಕೊಂಡಿದ್ದಾನೆ, ಇವೂ ಇವಳವೇ ಇರಬೇಕು, ಅಂದಳು ಅತ್ತೆ, ಸರಿಯಾಗಿ ನೋಡು ಹುಡುಗೀ — ಇಲ್ಲ ಅಜ್ಜಿ, ಈ ಸೂರು ಬಿದ್ದಾಗ ಜೆಲಿಂದಾ ಹುಟ್ಟಿರಲಿಲ್ಲ — ಯಾರಿಗೆ ಗೊತ್ತು, ವಯಸ್ಸು ಮುಚ್ಚಿಡ್ತಾಳೆ — ಎಲ್ಲರೂ ಗೊಳ್ಳೆಂದರು, ಲವೀನಿಯಾ ನಗುತ್ತಾಳೋ ಅಳುತ್ತಾಳೋ, ಕೆನ್ನೆಯ ಮೇಲೆ ಮಸಿಯ ಗೆರೆ, ಆರ್ಜಿಯಾ ಮಾತ್ರ ನಗಲಿಲ್ಲ, ಬಹಳ ಹೊತ್ತು ನೋಡಿದಳು, ತನ್ನ ಹೊಲ, ತನ್ನ ಗುಡ್ಡ, ಆಮೇಲೆ ಮೆಲ್ಲಗೆ, ಹಾಗಾದರೆ ನಮ್ಮವರೂ ತಿಂತಿದ್ರಾ, ಹುಳಾನ? ತಿಂತಿದ್ರು ಅಜ್ಜಿ, ನಿಮ್ಮ ಹೊಲದ ವೈನು ಕೊಟ್ಟು ತರಿಸಿಕೊಂಡು ತಿಂತಿದ್ರು, ಅಂದರೆ ಕಾಸು ಕೊಟ್ಟು ತರಿಸಿದ ಹಾಗೇ, ಅತ್ತೆಗೆ ಅದು ತಟ್ಟನೆ ಅರ್ಥವಾಯಿತು, ಬೆಲೆ ಕೊಟ್ಟು ತಂದದ್ದು ಹುಳವಾಗಲಾರದು, ಕೋಲು ತಿರುಗಿಸಿದಳು, ಆರಿಹೋಗ್ತದೆ, ನಡಿಯೇ, ಬಡಿಸು.

ಅತ್ತೆ ಹುಣಸೆ ನುಂಗಿದವಳ ಮುಖ ಮಾಡಿ ಮೊದಲನೆಯದನ್ನು ತಿಂದಳು, ಎರಡನೆಯದಕ್ಕೆ ಮುಖ ಸಡಿಲವಾಯಿತು, ಆಮೇಲೆ ಚಿಪ್ಪು ಚಿಪ್ಪಿಗೆ ತಾಗುವ ಸದ್ದು, ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸಿ, ಉಪ್ಪು ಒಂದು ಕಲ್ಲು ಹೆಚ್ಚಾಯಿತು, ಅಂದಳು, ನಲವತ್ತು ವರ್ಷದಲ್ಲಿ ಇದಕ್ಕಿಂತ ಸಿಹಿ ಮಾತು ಜೆಲಿಂದಾ ಕೇಳಿಲ್ಲ, ಫೋಸ್ಕೊ ಅವಳಿಗೆ ಕಣ್ಣು ಹೊಡೆದ, ಜನ ಒಬ್ಬರ ಮಾತಿನ ಮೇಲೆ ಒಬ್ಬರು, ಗುಂಡಿ ಇನ್ನೊಂದು ವರ್ಷ ತೆರೆದಿರುತ್ತದೆ ಎನ್ನುತ್ತಿದ್ದಾರೆ, ಜೆಲಿಂದಾಳ ಪಾಲಿಗೆ ಬಾಣಲೆಯಲ್ಲಿ ಒಂದೂ ಉಳಿದಿಲ್ಲ, ಹೋದದ್ದು ಮೂರು ಕಿಲೋ ಚಿಪ್ಪು, ಬಂದದ್ದು ಅತ್ತೆಯ ಖಾಲಿ ತಟ್ಟೆ — ಅಷ್ಟರಲ್ಲಿ ಲವೀನಿಯಾ ಬಂದು, ನೀರಲ್ಲಿ ತೊಳೆದ ಒಂದು ಚಿಪ್ಪನ್ನು ಅವಳ ಅಂಗೈಗಿಟ್ಟಳು, ರಾಶಿಯಲ್ಲಿರಲಿಲ್ಲ ಇದು, ಹೆಂಚಿನ ಕೆಳಗೇ, ಆ ಮನೆಯ ಬಾಗಿಲಿದ್ದಲ್ಲಿ ಒಂಟಿಯಾಗಿತ್ತು, ಹಿಡಿದು ನೋಡಿ ಕೊಟ್ಟುಬಿಡು, ಕಾಪಿಡುವ ಡಬ್ಬಿಗೆ ಹೋಗಬೇಕು — ಬೆಂಕಿಗೆ ಬೂದುಬಣ್ಣಕ್ಕೆ ತಿರುಗಿದ್ದು, ತೂತಿನದು, ದಾರಕ್ಕೆ, ಊಟಕ್ಕಲ್ಲ, ಯಾರ ಬೀಗದಕೈಗೆ, ಯಾರ ಕೊರಳಿಗೆ, ಹಿಡಿಯೇ ಹುಡುಗಿ, ತೂತಿನ ಒಂದು ಅಂಚಿನಲ್ಲಿ ದಾರ ಉಜ್ಜಿದ ಸಣ್ಣ ಕಚ್ಚು, ಉಗುರು ಇಟ್ಟಳು, ಕೂತಿತು.