ರೊಮಾನಾಳ ನೆಲ

ಕಲುಂಪಿತ್ ಊರಿನ ಹೊಳೆಬದಿ ಕೇರಿಯಲ್ಲಿ ರೊಮಾನಾಳ ಮನೆಯ ನೆಲವನ್ನು ನೋಡದವರಿರಲಿಲ್ಲ. ಅದರ ಮೇಲೆ ನಿರಾಳವಾಗಿ ಓಡಾಡಿದವರು ಮಾತ್ರ ಕಡಿಮೆ. ಕೆಳಗೆ ಕಲ್ಲಿನ ಗೋಡೆ, ಮೇಲೆ ಮರದ ಅಂತಸ್ತು. ಆ ಅಂತಸ್ತಿನ ನೆಲಕ್ಕೆ ಅವಳಪ್ಪ ತನ್ನ ಕೈಯಾರೆ ನಾರಾ ಮರದ ಅಗಲ ಹಲಗೆಗಳನ್ನು ಕೂಡಿಸಿದ್ದ. ಹೊನ್ನೆಯ ಜಾತಿಯದೇ ಆದ ಆ ಮರ, ತಿಕ್ಕಿದಷ್ಟೂ ಕೆಂಪೇರುತ್ತಿತ್ತು.

ಶನಿವಾರ ಬಂತೆಂದರೆ ರೊಮಾನಾ ಬೇರೆ ಯಾವ ಕೆಲಸಕ್ಕೂ ಸಿಗುವವಳಲ್ಲ. ಬೆಂಕಿಯ ಮೇಲೆ ಬಾಡಿಸಿದ ಬಾಳೆಎಲೆಯಿಂದ ಹಲಗೆಗಳನ್ನು ಒರೆಸಿ, ಸೀಮೆಎಣ್ಣೆಯಲ್ಲಿ ಕರಗಿಸಿದ ಕೆಂಪು ಮೇಣ ಬಳಿದು, ಅದು ಆರಿದ ಮೇಲೆ ಅರ್ಧ ಹೋಳಿನ ತೆಂಗಿನ ಸಿಪ್ಪೆಯ ಮೇಲೆ ಒಂದು ಕಾಲಿಟ್ಟು, ಸೊಂಟಕ್ಕೆ ಕೈಕೊಟ್ಟು ಹಿಂದಕ್ಕೂ ಮುಂದಕ್ಕೂ ಉಜ್ಜುವಳು. ಕಿಟಕಿಯ ಕಂಬಿಗಳ ಪ್ರತಿಬಿಂಬ ನೆಲದಲ್ಲಿ ಎದ್ದು ಕಾಣುವವರೆಗೆ ನಿಲ್ಲಿಸುತ್ತಿರಲಿಲ್ಲ.

"ನನ್ನ ಮುಖಾನ ಒಂದಿನಾನೂ ಹೀಗೆ ನೋಡ್ಲಿಲ್ಲ ಇವ್ಳು," ಎಂದು ಗಂಡ ಸಿಲ್ವೆರಿಯೊ ಬಂದವರ ಮುಂದೆ ಗೊಣಗುತ್ತಿದ್ದ. "ನಾನೂ ಹಲಗೆಯಾಗಿ ಹುಟ್ಬೇಕಿತ್ತು."

ಕೇರಿಯ ಹೆಂಗಸರ ಮಾತು ಇನ್ನೂ ಚೂಪು. "ರೊಮಾನಾ ಮನೆಗಾ? ಹಂಗಾದ್ರೆ ಕಾಲನ್ನ ಮನೇಲೇ ಬಿಟ್ಟು ಹೋಗು." ಅದು ಕಿವಿಗೆ ಬಿದ್ದಾಗ ರೊಮಾನಾ ನಗುತ್ತಿದ್ದಳು. ಒಳಗೊಳಗೇ ಅವಳಿಗದು ಹೊಗಳಿಕೆಯಂತೆಯೇ ಕೇಳುತ್ತಿತ್ತು.

ಪಕ್ಕದ ತಗ್ಗಿನಲ್ಲಿ ಬಿದಿರಿನ ಮನೆ ದೆಲ್ಫಿನಾಳದು. ಅಕ್ಕಿ ಕಡುಬು ಬೇಯಿಸಿ ಸಂತೆಯಲ್ಲಿ ಮಾರುವವಳು. ರೊಮಾನಾಳನ್ನು 'ಆತೆ' ಎಂದು ಅಕ್ಕನ ಸ್ಥಾನದಲ್ಲಿಟ್ಟು ಕರೆಯುತ್ತಿದ್ದಳು. ಜೊತೆಗೆ ಗಂಡ ತಿನೊಯ್, ಮತ್ತು ಇಡೀ ಕೇರಿಯೇ 'ಲೋಲಾ', ಅಂದರೆ ಅಜ್ಜಿ, ಎಂದು ಕರೆಯುವ ಅವಳ ತಾಯಿ ಉರ್ಸುಲಾ.

ಆ ವರ್ಷದ ದೊಡ್ಡ ಬಿರುಗಾಳಿ ಎದ್ದ ದಿನ ಮಧ್ಯಾಹ್ನದ ಹೊತ್ತಿಗೆ ಹೊಳೆ ಕೇರಿಯೊಳಗೆ ನುಗ್ಗಿತು. ಸಿಲ್ವೆರಿಯೊ ದೋಣಿ ತೆಗೆದುಕೊಂಡು ಆಚೆ ಕೇರಿಯವರನ್ನು ಕರೆತರಲು ಹೋಗಿದ್ದ. ರೊಮಾನಾಳ ಮನೆಯ ಕೆಳಗಿನ ಭಾಗ ಆಗಲೇ ಅರ್ಧ ಮುಳುಗಿ, ನೀರು ಹೊರಗಿನ ಮೆಟ್ಟಿಲುಗಳನ್ನು ಏರುತ್ತಿತ್ತು. ಬೆಳಿಗ್ಗೆಯಷ್ಟೇ ಮೇಣ ಹಚ್ಚಿದ ನೆಲದ ಮೇಲೆ ಅವಳು ಒಬ್ಬಳೇ ಕಿಟಕಿಗಳನ್ನು ಭದ್ರ ಮಾಡುತ್ತಿದ್ದಳು.

"ಆತೆ! ಆತೆ ರೊಮಾನಾ!"

ಬಾಗಿಲು ತೆರೆದರೆ ಮೆಟ್ಟಿಲಲ್ಲಿ ದೆಲ್ಫಿನಾ, ಅವಳ ಹಿಂದೆ ಅತ್ತೆಯನ್ನು ಬೆನ್ನಿನ ಮೇಲೆ ಹೊತ್ತ ತಿನೊಯ್. ಮುದುಕಿಯ ತೋಳಿನಲ್ಲಿ ಒಂದು ಬಟ್ಟೆಯ ಗಂಟು. ಮೂವರೂ ಪೂರ್ತಿ ತೊಯ್ದಿದ್ದರು, ಕಾಲುಗಳಿಗೆ ಕೆಸರು ಮೆತ್ತಿತ್ತು. ರೊಮಾನಾಳ ಕಣ್ಣು ಮೊದಲು ಬಿದ್ದದ್ದು ಆ ಕಾಲುಗಳ ಮೇಲೆಯೇ.

"ಒಂದ್ನಿಮಿಷ, ಅಲ್ಲೇ ನಿಲ್ಲಿ! ಚೀಲ ಹಾಸ್ತೀನಿ. ಹಾಗೇ ಬರ್ಬೇಡಿ!"

ಒಳಗೆ ಓಡಿದಳು. ಶುಭ್ರವಾದ ಅಕ್ಕಿ ಚೀಲಗಳು ಕೈಗೆ ಸಿಕ್ಕವು. ಅವನ್ನು ಬದಿಗೆ ಸರಿಸಿ ಹಳೆಯವಕ್ಕಾಗಿ ಮೂಲೆಯಲ್ಲಿ ತಡಕಾಡಿದಳು. ಅಷ್ಟರಲ್ಲಿ ಹೊರಗೆ ದೆಲ್ಫಿನಾ ಚೀರಿದ್ದು ಕೇಳಿಸಿತು.

ಆಗಿದ್ದು ಇಷ್ಟು. ಉರ್ಸುಲಾ ಅಳಿಯನ ಬೆನ್ನಿನಿಂದ ಇಳಿದು, "ತಡೀರಿ, ಕಾಲು ತೊಳ್ಕೊಂಡೇ ಹೋಗೋಣ, ಆ ಹುಡುಗಿ ಬಯ್ತಾಳೆ," ಎಂದು ಗಂಟನ್ನು ಮೆಟ್ಟಿಲ ಮೇಲಿಟ್ಟು ಪ್ರವಾಹದ ನೀರಿಗೇ ಬಾಗಿದ್ದಳು. ತೇಲಿಬಂದ ಬಾಳೆಯ ಬುಡವೊಂದು ಮೆಟ್ಟಿಲಿಗೆ ಬಡಿಯಿತು. ತಿನೊಯ್ ಮುದುಕಿಯ ರಟ್ಟೆ ಹಿಡಿದುಕೊಂಡ; ಗಂಟು ಹೋಯಿತು. ಅವಳನ್ನು ಹೆಂಡತಿಗೆ ಒಪ್ಪಿಸಿ ಅವನು ಕುತ್ತಿಗೆಯುದ್ದದ ನೀರಿಗೆ ಇಳಿದ. "ವಾಪಸ್ ಬಾರೋ, ನಿನ್ ದಮ್ಮಯ್ಯ!" ಎಂದು ದೆಲ್ಫಿನಾ ಕೂಗಿಕೊಂಡ ಮೇಲೆ ಬರಿಗೈಯಲ್ಲಿ ಹತ್ತಿ ಬಂದ.

ಮೂವರೂ ಒಳಗೆ ಬಂದು ಚೀಲಗಳ ಮೇಲೆ ಕೂತರು. ರೊಮಾನಾ ಶುಂಠಿ ಕಷಾಯ ಕಾಯಿಸಿದಳು, ಗಂಜಿ ಬಡಿಸಿದಳು, ಒಣಬಟ್ಟೆ ಕೊಟ್ಟಳು. "ಈಚೆ ಬನ್ನಿ ಲೋಲಾ, ಅಲ್ಲಿ ಗಾಳಿ ಬೀಸತ್ತೆ," ಎಂದು ಎಷ್ಟು ಕರೆದರೂ ಮುದುಕಿ ಚೀಲದ ಅಂಚು ದಾಟಲಿಲ್ಲ. ಬೆರಳುಗಳು ಹಲಗೆಗೆ ತಾಗದಂತೆ ಕಾಲು ಮಡಚಿಕೊಂಡೇ ಇದ್ದಳು.

"ಗಂಟಲ್ಲಿ ಏನಿತ್ತು?" ರೊಮಾನಾ ಮೆಲ್ಲಗೆ ಕೇಳಿದಳು.

ದೆಲ್ಫಿನಾ ಅವಳ ಕಡೆ ನೋಡಲಿಲ್ಲ. "ಅಮ್ಮ ತಾನು ಸತ್ತಾಗ ಉಡಿಸ್ಲಿ ಅಂತ ಇಟ್ಕೊಂಡಿದ್ದ ಬಟ್ಟೆ. ಅನಾನಸ್ ನಾರಿನ ರವಿಕೆ, ಉದ್ದ ಲಂಗ. ಅಪ್ಪ ತಂದ್ಕೊಟ್ಟಿದ್ದು."

"ಅಯ್ಯೋ ಬಿಡೇ," ಎಂದಳು ಉರ್ಸುಲಾ. "ನಂಗಿಂತ ಮೊದ್ಲೇ ಹೊರಟೋಯ್ತು, ಜಾಗ ಹಿಡಿಯೋಕೆ." ತಿನೊಯ್ ನಕ್ಕ. ದೆಲ್ಫಿನಾ ನಗಲಿಲ್ಲ. ರೊಮಾನಾ ತನ್ನ ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟಳು.

ನೀರು ಇಳಿಯುವ ಹೊತ್ತಿಗೆ ಸಿಲ್ವೆರಿಯೊ ತಂದು ಸೇರಿಸಿದವರೆಲ್ಲ ಸೇರಿ ಮೇಲಂತಸ್ತು ತುಂಬಿಹೋಗಿತ್ತು. ನೆಲ ಪೂರ್ತಿ ಕೆಸರು, ಅಲ್ಲಲ್ಲಿ ಬಿಳಿ ಬೂಷ್ಟು ಹಿಡಿದಂತೆ ಕಲೆ. ಬೆಳಿಗ್ಗೆ ಎದ್ದ ಹೆಂಗಸರು ತಾವಾಗಿಯೇ ಎಲ್ಲಿಂದಲೋ ತೆಂಗಿನ ಸಿಪ್ಪೆಗಳನ್ನು ತಂದು ಉಜ್ಜತೊಡಗಿದರು. "ನಿಮ್ಮ ನೆಲ ಹಾಳ್ಮಾಡಿ ಹೋದ್ರೆ ನಮ್ಗೆ ಒಳ್ಳೇದಾಗತ್ತಾ?" ಎಂದು ತಮಾಷೆ ಮಾಡುತ್ತ, ಬಕೆಟ್‌ಗಟ್ಟಲೆ ನೀರು ಸುರಿಯುತ್ತ. ಅವರ ಮನೆಗಳಲ್ಲಿ ಮೊಣಕಾಲುದ್ದ ಹೂಳು ಕಾದಿತ್ತು.

ಮರಳನ್ನು ಒದ್ದೆ ಬಟ್ಟೆಯಲ್ಲಿ ಎತ್ತದೆ ಉಜ್ಜಬಾರದು. ಸಿಪ್ಪೆಯಡಿ ಮರಳು ಕರಕರ ಎನ್ನುವಾಗ, ಅಪ್ಪನ ಹಲಗೆಗಳ ಮೇಲೆ ಗೀರು ಬೀಳುವುದು ರೊಮಾನಾಳಿಗೆ ನೋಡದೆಯೂ ಗೊತ್ತಾಗುತ್ತಿತ್ತು. "ಹಾಗಲ್ಲ!" ಎಂಬ ಮಾತು ನಾಲಿಗೆಯ ತುದಿಗೆ ಬಂತು. ತುಟಿ ಕಚ್ಚಿಕೊಂಡಳು. ಒಬ್ಬ ಮುದುಕಿಯ ಕೊನೆಯ ಉಡುಪು ಹೊಳೆ ಪಾಲಾದ ಮೇಲೂ ತನ್ನ ಎದೆ ಇನ್ನೂ ಹಲಗೆಗಾಗಿ ಹೊಡೆದುಕೊಳ್ಳುತ್ತಿದೆಯಲ್ಲ ಎನಿಸಿ ಕಿವಿ ಬಿಸಿಯಾಯಿತು. ಅಲ್ಲಿ ನಿಲ್ಲಲಾರದೆ ಸಲಿಕೆ ಹಿಡಿದು, ಬಿದಿರಿನ ಗೋಡೆ ಕುಸಿದಿದ್ದ ದೆಲ್ಫಿನಾಳ ಮನೆಗೆ ಇಳಿದಳು.

ಇಬ್ಬರೂ ಸೇರಿ ಹೂಳೆತ್ತಿದರು. ಕೊನೆಗೆ ರೊಮಾನಾಳೇ ಬಾಯಿಬಿಟ್ಟಳು. "ದೆಲ್ಫಿನಾ, ನಾನು ಅವತ್ತು ನಿಲ್ಲಿಸ್ಬಾರದಿತ್ತು. ಒಳ್ಳೆ ಚೀಲ ಕೈಲೇ ಇತ್ತು. ಹಳೇದು ಹುಡುಕ್ತಾ ಕೂತೆ."

ದೆಲ್ಫಿನಾ ನೆಟ್ಟಗೆ ನಿಂತು ಬೆನ್ನು ನೀವಿಕೊಂಡಳು. "ಚೀಲ ಹಾಸಿದ್ದಕ್ಕೆ ನಂಗೇನಿಲ್ಲ ಆತೆ. ಊರು ಮುಳುಗಿಸೋ ನೀರದು. ನಮ್ಮಮ್ಮ ಅದಕ್ಕೆ ಹೆದರ್ಲಿಲ್ಲ. ನಿಮ್ಗೆ ಹೆದರಿದ್ಲು." ಅಷ್ಟು ಹೇಳಿ ಮತ್ತೆ ಬಾಗಿದಳು.

ರೊಮಾನಾ ಸಲಿಕೆಯನ್ನು ಮತ್ತೆ ಹೂಳಿಗೆ ಇಳಿಸಿದಳು.

ಬಿದಿರಿನ ಮನೆ ಮತ್ತೆ ಏಳುವವರೆಗೆ ಉರ್ಸುಲಾ ರೊಮಾನಾಳ ಮನೆಯಲ್ಲಿಯೇ ಉಳಿದಳು. ಮಗಳು ದಿನಾ ಸಂಜೆ ಬಂದು ತಾಯಿಯನ್ನು ನೋಡಿ, ಆತೆಯ ಜೊತೆ ಅಗತ್ಯವಿದ್ದಷ್ಟೇ ಮಾತಾಡಿ ಹೋಗುತ್ತಿದ್ದಳು. ರೊಮಾನಾ ತನ್ನ ಮದುವೆಯ ರವಿಕೆಯನ್ನು ಪೆಟ್ಟಿಗೆಯಿಂದ ತೆಗೆದು ಮುದುಕಿಯ ಮುಂದಿಟ್ಟಳು. ಅದೂ ಅನಾನಸ್ ನಾರಿನದೇ.

"ಇದನ್ನ ಬಿಚ್ಚಿ ನಿಮ್ಮ ಅಳತೆಗೆ ಹೊಲಿತೀನಿ ಲೋಲಾ. ಬೇಡ ಅನ್ಬೇಡಿ."

ಉರ್ಸುಲಾ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಬೇಡ ಅಂತ ಯಾರಂದ್ರು? ಆದ್ರೆ ನನ್ನ ಗಂಡ ತಂದಿದ್ದಲ್ಲ ಇದು. ಅಲ್ಲಿ ಹೋದ್ಮೇಲೆ ಕೇಳ್ತಾನೆ, ಏನಂತ ಹೇಳ್ಲಿ?"

"ನನ್ನ ಹೆಸ್ರು ಹೇಳಿ."

ಮುದುಕಿ ಅವಳ ಮುಖವನ್ನೇ ನೋಡಿದಳು. ತೋಳೆತ್ತಿ ಅಳತೆಗೆ ನಿಂತಳು. ಹಕ್ಕಿಯದಷ್ಟು ಸಣ್ಣ ಭುಜ.

ಗೀರುಬಿದ್ದ ನೆಲದ ಮೇಲೆ ಬಟ್ಟೆ ಹರಡಿಕೊಂಡು ಅವಳು ಹಗಲೆಲ್ಲ ಹೊಲಿದಳು. ಉರ್ಸುಲಾ ಪಕ್ಕದ ಕುರ್ಚಿಯಲ್ಲಿ ಕೂತು, ಒಂದೊಂದು ಹೊಲಿಗೆಯನ್ನೂ ಕಣ್ಣಲ್ಲೇ ಎಣಿಸುತ್ತಿದ್ದಳು.

"ಕೊರಳು ಅಗಲ ಆಯ್ತು. ಬಿಚ್ಚು," ಎಂದಳು.

ರೊಮಾನಾ ತಲೆ ಎತ್ತದೆ ಬಿಚ್ಚತೊಡಗಿದಳು.