ಪುಸ್ತಕದಂಚಿನ ಕೊಳೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಹೆಂಡತಿ ಹೇಳುತ್ತಾಳೆ. ಆ ದಿನ ಅದು ನಾಲಿಗೆಗೂ ಇಳಿದಿತ್ತು. ಕೆಲಸ ಮುಗಿಸಿ ಬರುವವರಿಗೆಂದು ನಮ್ಮ ಕಾಲೇಜು ನಡೆಸುವ ಸಂಜೆ ತರಗತಿಯಲ್ಲಿ ನಾನು ಫಂಕ್ಷನಲ್ ಪ್ರೋಗ್ರಾಮಿಂಗ್, ಅಂದರೆ ಕಂಪ್ಯೂಟರಿಗೆ ಕೋಡ್ ಬರೆಯುವ ಒಂದು ಬಗೆ, ಕಲಿಸುತ್ತೇನೆ. ಕಳೆದ ಸಲ ಇಪ್ಪತ್ನಾಲ್ಕು ಜನ ಸೇರಿ ಕೊನೆಗೆ ಆರು ಜನ ಉಳಿದಿದ್ದರು. ಈ ಸಲವೂ ಅರ್ಧಕ್ಕರ್ಧ ಬಿಟ್ಟುಹೋದರೆ ತರಗತಿಯನ್ನೇ ಮುಚ್ಚುತ್ತೇನೆ ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದರು. ಯಾವ ಪುಸ್ತಕ ಬೇಕೆಂದು ಶುಕ್ರವಾರದೊಳಗೆ ಲೈಬ್ರರಿಗೆ ತಿಳಿಸಬೇಕಿತ್ತು.

ತಿಳಿಸುವುದೇನು ಬಂತು? ನನ್ನದು ಯಾವಾಗಲೂ ಒಂದೇ ಪುಸ್ತಕ, ಇಟ್ಟಿಗೆಯಷ್ಟು ದಪ್ಪದ್ದು, ಬಲ್ಲವರೆಲ್ಲ ಹೊಗಳುವಂಥದ್ದು. ಬಿಟ್ಟುಹೋದವರಿಗೆ ತಾಳ್ಮೆಯಿಲ್ಲ, ಅಷ್ಟೇ.

ಲೈಬ್ರರಿ ನೋಡಿಕೊಳ್ಳುವವರು ನಮಗೆಲ್ಲ ಅಕ್ಕ, ಪ್ರಿನ್ಸಿಪಾಲರಿಗೂ ಅಕ್ಕ. ಪ್ರೋಗ್ರಾಮಿಂಗಿನ ಗಂಧಗಾಳಿಯೂ ಅವರಿಗಿಲ್ಲ.

"ಅದೇ ಪುಸ್ತಕ ಇನ್ನೂ ಆರು ಪ್ರತಿ ತರಿಸಿ ಅಕ್ಕಾ" ಎಂದೆ.

"ಒಂದ್ನಿಮಿಷ ಕೂತ್ಕೊಳ್ಳಿ ಮೇಷ್ಟ್ರೇ."

ಅಕ್ಕ ಆ ವಿಷಯದ ಏಳೆಂಟು ಪುಸ್ತಕ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಹೆಸರಿರುವ ಬೆನ್ನು ತಮ್ಮ ಕಡೆಗೆ, ಪುಟಗಳು ತೆರೆಯುವ ಅಂಚು ನನ್ನ ಕಡೆಗೆ.

"ಹೆಸರು ಬಿಡಿ, ಕೊಳೆ ನೋಡಿ" ಎಂದರು.

ನೋಡಿದೆ. ಓದಿದವರ ಬೆರಳು ತಾಗಿದಷ್ಟು ಪುಟಗಳ ಅಂಚು ಬೂದುಬಣ್ಣಕ್ಕೆ ತಿರುಗಿತ್ತು. ನನ್ನ ಇಟ್ಟಿಗೆಯಲ್ಲಿ ಮೊದಲಿಗೊಂದು ಸಣ್ಣ ಬೂದು ಗೆರೆ, ಆಮೇಲೆ ಬರೀ ಬಿಳುಪು.

"ಇದು ಹನ್ನೊಂದು ಸಲ ಹೊರಗೆ ಹೋಗಿದೆ. ಎಲ್ರೂ ಇಲ್ಲೇ ಸುಸ್ತು." ಗೆರೆ ಮುಗಿಯುವಲ್ಲಿ ಉಗುರಿಟ್ಟು ತೆರೆದರು. ನಲವತ್ತೊಂದನೇ ಪುಟ. ಈ ವಿದ್ಯೆಯ ಕಗ್ಗಂಟು, ಲೆಕ್ಕದ ಹೆಜ್ಜೆಗಳನ್ನು ಒಂದಕ್ಕೊಂದು ಪೋಣಿಸುವ ಮೊನಾಡ್ ಎಂಬ ಮಹಾಶಯರು ಮೊದಲ ಬಾರಿ ತಲೆ ಹಾಕುವುದು ಅಲ್ಲೇ. ಜೊತೆಗೆ ಅವರ ಪರಿವಾರದ ಒಂಬತ್ತು ಸೂತ್ರಗಳು.

"ಕಷ್ಟಪಡದೆ ವಿದ್ಯೆ ಬರತ್ತಾ?" ನನ್ನ ದನಿ ಏರಿತು.

"ಪುಸ್ತಕ ಸರಿಯಿಲ್ಲ ಅಂದ್ನಾ ನಾನು? ಜನ ಎಲ್ಲಿ ನಿಲ್ತಾರೆ ಅಂತ ಹೇಳ್ದೆ."

"ಹಾಗಾದ್ರೆ ವಿಡಿಯೋ ಪಾಠ ಕೊಡೋಣ."

"ಅದಕ್ಕೂ ಅಂಚಿದೆಯಲ್ಲ. ಮೊದಲ್ನೇ ಪಾಠ ಎಷ್ಟು ಜನ ನೋಡಿದಾರೆ, ಕೊನೇದು ಎಷ್ಟು ಜನ, ಅಲ್ಲೇ ಬರ್ದಿರತ್ತೆ."

ನನ್ನ ಮೆಚ್ಚಿನ ಪಾಠಮಾಲೆಯನ್ನು ಫೋನಿನಲ್ಲಿ ತೆರೆದೆ. ಮೊದಲ ಪಾಠಕ್ಕೆ ನಲವತ್ತು ಸಾವಿರ, ಕೊನೆಯದಕ್ಕೆ ಮುನ್ನೂರು. ಫೋನನ್ನು ಜೇಬಿಗಿಳಿಸಿದೆ.

ಸಾಲಿನಲ್ಲಿ ಒಂದು ತೆಳು ಪುಸ್ತಕವಿತ್ತು. ರಟ್ಟು ಕಿತ್ತುಬಂದು ಟೇಪು ಹಚ್ಚಿಸಿಕೊಂಡಿತ್ತು. ಅದರ ಅಂಚು ಮೊದಲಿನಿಂದ ಕೊನೆಯವರೆಗೂ ಬೂದು. ಕೊನೆಯ ಲೆಕ್ಕಗಳ ಹತ್ತಿರ ಇನ್ನೂ ಕಪ್ಪು. ಮಕ್ಕಳಾಟ ಎಂದು ನಾನೇ ಹಿಂದೆ ಅದನ್ನು ಪಕ್ಕಕ್ಕೆ ತಳ್ಳಿದ್ದೆ. ಈಗ ತೆರೆದೆ. ಮೊದಲ ಪಾಠದಲ್ಲಿ ಬಸ್ಸಿನ ಪ್ರಯಾಣಿಕರ ಪಟ್ಟಿ: ಇಳಿದವರ ಹೆಸರು ಹೊಡೆದುಹಾಕಬೇಡಿ, ಹಳೆಯ ಪಟ್ಟಿಯನ್ನು ಹಾಗೇ ಇಟ್ಟು ಉಳಿದವರ ಹೊಸ ಪಟ್ಟಿ ಮಾಡಿ. ಒಂದು ಪಾಠದ ಉತ್ತರವೇ ಮುಂದಿನ ಪಾಠಕ್ಕೆ ಬಂಡವಾಳ. ಮೊನಾಡ್ ಎಂಬ ಹೆಸರು ಬರುವುದು ನೂರಾಹತ್ತನೇ ಪುಟದಲ್ಲಿ. ಅಷ್ಟರೊಳಗೆ ಓದುವವರು ಅದನ್ನು ಮೂರು ಸಲ ತಮ್ಮ ಕೈಯಾರೆ ಮಾಡಿ ಮುಗಿಸಿರುತ್ತಾರೆ. ಕೂತಲ್ಲೇ ನಾಲ್ಕು ಪಾಠ ಓದಿದೆ. ಒಂಬತ್ತು ವರ್ಷ ಕಲಿಸಿದ ನನಗೆ ಕಾಣದ್ದು ಒಂದು ಸಾಲು ಕೋಡ್ ಬರೆಯದ ಈ ಹೆಂಗಸಿಗೆ ಕಂಡಿತ್ತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಎದ್ದು ಕೈಮುಗಿಯಬೇಕೆನಿಸಿತು.

ಆಗ ಕಂಡಿತು, ಸಾಲಿನ ಕೊನೆಯದು. ನನ್ನ ಇಟ್ಟಿಗೆಯದೇ ಇನ್ನೊಂದು ಪ್ರತಿ. ಅದೊಂದನ್ನು ಮಾತ್ರ ಅಕ್ಕ ಬೆನ್ನು ನನ್ನ ಕಡೆ ಮಾಡಿ ಇಟ್ಟಿದ್ದರು. ಆರು ವರ್ಷದ ಹಿಂದೆ ನಾನೇ ಸಹಿ ಹಾಕಿ ಲೈಬ್ರರಿಗೆ ಕೊಟ್ಟ ನನ್ನ ಸ್ವಂತದ್ದು. ಆಮೇಲೆ ಯಾರೂ ಅದನ್ನು ಒಯ್ದಿರಲಿಲ್ಲ.

"ಅದನ್ನ ಬಿಡಿ ಮೇಷ್ಟ್ರೇ" ಎಂದರು ಅಕ್ಕ, ಮೆಲ್ಲಗೆ.

ಬಿಡಲಿಲ್ಲ. ತಿರುಗಿಸಿದೆ. ಅದೇ ಗೆರೆ, ಅದೇ ನಲವತ್ತೊಂದು. ಉಳಿದದ್ದನ್ನು ನಾನು ಅಲ್ಲಿ ಇಲ್ಲಿ ಹೆಕ್ಕಿ ಕಲಿತಿದ್ದೆ. ಪುಸ್ತಕವನ್ನು ಮಾತ್ರ ಪೂರ್ತಿ ಓದಿದವನ ಗತ್ತಿನಲ್ಲಿ ಹೊಗಳುತ್ತ ಬಂದಿದ್ದೆ.

ತೆಳು ಪುಸ್ತಕವನ್ನೇ ತರಿಸಿದೆವು. ಮೊದಲ ತರಗತಿಗೆ ನನ್ನ ಹಳೆಯ ಪ್ರತಿಯನ್ನೂ ಒಯ್ದು, ಅಂಚು ಕಾಣುವಂತೆ ಎತ್ತಿ ಹಿಡಿದೆ. "ಇದು ನಂದು. ನಾನು ನಿಂತಿದ್ದು ಇಲ್ಲಿ."

ಕಳೆದ ಸಲ ಮೂರನೇ ವಾರಕ್ಕೇ ಮಾಯವಾಗಿ, ಈಗ ಮತ್ತೆ ಸೇರಿದ್ದ ಬಸ್ ಡ್ರೈವರ್ ಹಿಂದಿನ ಬೆಂಚಿನಿಂದ ಎದ್ದುನಿಂತ. "ಸಾರ್, ನಾನೂ ಅಲ್ಲೇ ನಿಂತಿದ್ದು! ನಾನೊಬ್ನೇ ದಡ್ಡ ಅಂದ್ಕೊಂಡು ಬಿಟ್ಟೋದೆ."

ಎಷ್ಟು ಜನರನ್ನು ಹಾಗೆ ಅಂದುಕೊಳ್ಳುವಂತೆ ಮಾಡಿ ಕಳಿಸಿದ್ದೆನೋ.

ಆ ಸಲ ಇಪ್ಪತ್ತಮೂರು ಜನರಲ್ಲಿ ಹತ್ತೊಂಬತ್ತು ಜನ ಕೊನೆಯವರೆಗೂ ಉಳಿದರು. ಡ್ರೈವರನ ಪ್ರತಿಯಂತೂ ಗ್ರೀಸಿನ ಕಲೆಯಿಂದ ಕೊನೆಯ ಪುಟದವರೆಗೂ ಕಪ್ಪಾಗಿತ್ತು. ಸಹಿ ಹಾಕಿ ಕೊಟ್ಟಿದ್ದ ನನ್ನ ಆ ಹಳೆಯ ಇಟ್ಟಿಗೆಯನ್ನು ನಾನೂ ಓದಲೆಂದು ಮನೆಗೆ ಒಯ್ದಿದ್ದೆ. ಹಿಂದಿರುಗಿಸಲು ಹೋದಾಗ ಅಕ್ಕ ಚೀಟಿ ನೋಡುವ ಮೊದಲು ಅಂಚು ನೋಡಿದರು.

"ನೂರೆಂಬತ್ತನೇ ಪುಟಕ್ಕೆ ಬಂದಿದೀರಿ" ಎಂದರು. "ವಾಪಸ್ ಯಾಕೆ ತಂದ್ರಿ?"

ಮುಂದಿನ ತಿಂಗಳ ತಾರೀಖಿನ ಮುದ್ರೆ ಒತ್ತಿ, ಪುಸ್ತಕವನ್ನು ನನ್ನ ಕೈಗೇ ಕೊಟ್ಟರು.